ನೇರಳೆ ಗುರುತು

ಬಾಲ್ತಸಾರ್ ಕೆಲಸ ಬಿಟ್ಟು ಹೋಗುವಾಗ ನನಗೆ ಉಳಿಸಿದ್ದು
ಎಡಗೈ ಒರಗು ಮುರಿದ ಕುರ್ಚಿ,
ಮತ್ತು ಅರ್ಧಕ್ಕೆ ನಿಂತ ಚಿತ್ರ:
ವಾಲ್ಪರೈಸೊದಲ್ಲಿ ಗುಡ್ಡ ಹತ್ತುವ ಹಳಿಬಂಡಿಯೊಂದು
ಮುಚ್ಚುವ ಮುಂಚಿನ ಹನ್ನೊಂದು ದಿನ.

ತೆರೆದೆ. ಟೈಮ್‌ಲೈನಿನ ನೆತ್ತಿಯ ಮೇಲೆ
ಬಣ್ಣಬಣ್ಣದ ಗೂಟಗಳು,
ಸೈಟು ಅಳೆದವರು ನೆಟ್ಟು ಮರೆತ ಹಾಗೆ.

ಕೆಂಪು ಅಂದರೆ ಬಾಕಿ ಕೆಲಸ. ಅದು ಬೇಗ ತಿಳಿಯಿತು.
"ಇಲ್ಲಿ ಗಾಳಿಯ ಸದ್ದು ತಗ್ಗಿಸು."
"ದೋನ್ ಎವರಿಸ್ತೊ ಕೆಮ್ಮು ಇರಲಿ, ತೆಗೆಯಬೇಡ."
ಒಂದರಲ್ಲಿ ಬರೀ "ಅಯ್ಯೋ."
ಹಳದಿ, ನಿರ್ದೇಶಕಿ ಮಿಲಾಗ್ರೋಸಳಿಗೆ ಬರೆದ ಜವಾಬು,
ಅರ್ಧ ಜಗಳ.
ನೀಲಿ, ಅಧ್ಯಾಯದ ಬಾಗಿಲು: ಇಲ್ಲಿಂದ ಚಳಿಗಾಲ.
ಕೆಲವು ಗೂಟವಲ್ಲ, ಚಾಪೆ; ಉದ್ದಕ್ಕೆ ಹಾಸಿಕೊಂಡು
ನಲವತ್ತು ಸೆಕೆಂಡು
"ಇಲ್ಲಿ ಯಾರೂ ಮಾತಾಡುವುದು ಬೇಡ" ಅನ್ನುತ್ತವೆ.

ಆದರೆ ಬಣ್ಣ ಮೇಲಿನ ಮಾತು. ಅರಿಯಬೇಕಾದ ಜಾತಿ ಎರಡೇ,
ಅದನ್ನು ಅರಿಯಲು ನನಗೆ ಒಂದು ವಾರ ಹಾಳಾಯಿತು.
ತುಣುಕಿಗೆ ಅಂಟಿದ್ದು ಒಂದು,
ಉಣ್ಣೆಯ ಹುಳದ ಹಾಗೆ. ತುಣುಕನ್ನು ಎಲ್ಲಿಗೆ ಎಳೆದರೂ
ಜೊತೆಗೇ ಬರುತ್ತದೆ; ಅಳಿಸಿದರೆ ಜೊತೆಗೇ ಸಾಯುತ್ತದೆ.
ಇನ್ನೊಂದು, ಕಾಲಕ್ಕೇ ಹೊಡೆದ ಮೊಳೆ.
ಕೆಳಗಿನ ಚಿತ್ರವೆಲ್ಲ ಜರುಗಿ, ಬೇರೆ ಯಾರೋ ಬಂದು ಕೂತರೂ
ಏಳನೆಯ ನಿಮಿಷ, ಹನ್ನೆರಡನೆಯ ಸೆಕೆಂಡಿನಲ್ಲಿ
ನಿಂತಲ್ಲೇ ನಿಂತು ಬೆರಳು ತೋರಿಸುತ್ತದೆ,
ಮನೆ ಬದಲಾಯಿಸಿದವರ ಹಳೇ ವಿಳಾಸದಂತೆ.

ನೇರಳೆ ಒಂದೇ ಒಂದಿತ್ತು. ಹೆಸರಿಲ್ಲ, ಟಿಪ್ಪಣಿಯಿಲ್ಲ.
ಮೊಳೆಯ ಜಾತಿಯದು. ಕೆಳಗೆ ನೋಡಿದರೆ
ಟಿಕೆಟ್ ಕಿಟಕಿಯ ಬೀಗ, ಯಾರೂ ಎರಡು ಸಲ ನೋಡದ ಶಾಟು.
ಇದಕ್ಕೇಕೆ ಗುರುತು?
ಹಳೆಯ ಆವೃತ್ತಿಗಳನ್ನು ಒಂದೊಂದಾಗಿ ಬಿಚ್ಚಿದೆ,
ಮೂವತ್ತೊಂದು, ಮೂವತ್ತು, ಇಪ್ಪತ್ತೊಂಬತ್ತು,
ಈರುಳ್ಳಿ ಸುಲಿದಂತೆ; ಕಣ್ಣೂ ಹಾಗೇ ಉರಿಯಿತು.
ಹದಿನಾಲ್ಕರಲ್ಲಿ ಸಿಕ್ಕಿತು. ಅದೇ ನೇರಳೆ,
ಅದರಡಿಯಲ್ಲಿ ದೋನ್ ಎವರಿಸ್ತೊ:
ಕ್ಯಾಮೆರಾ ನಿಂತಿದೆ ಎಂದುಕೊಂಡು
ಖಾಲಿ ಬಂಡಿಯ ಬೆಂಚನ್ನು ಅಂಗಿತೋಳಿನಿಂದ ಒರೆಸಿ
ಕೂರುತ್ತಾನೆ. ಮೂವತ್ತೆಂಟು ವರ್ಷ ಸನ್ನೆಗೋಲು ಹಿಡಿದವನು
ಪ್ರಯಾಣಿಕನ ಹಾಗೆ, ಮೊಣಕಾಲು ಜೋಡಿಸಿ,
ಕಿಟಕಿಯಾಚೆ ಬಂದರು ನೋಡುತ್ತಾ.
ಆರು ಸೆಕೆಂಡು.

ಫೋನು ಮಾಡಿದೆ. ಬಾಲ್ತಸಾರ್ ಈಗ ಕಿಯೋತ ಊರಿನಲ್ಲಿ
ಅಣ್ಣನ ಬೆಣ್ಣೆಹಣ್ಣಿನ ತೋಟದ ಲೆಕ್ಕ ಬರೆಯುತ್ತಾನೆ.
"ಎಂಥ ಕಣ್ಣು ನಿನ್ನದು," ಅಂದೆ, "ಆ ನೇರಳೆ ಗುರುತು!"
ಅವನು ತುಸು ಹೊತ್ತು ನೆನಪು ತಡಕಿದ.
"ನೇರಳೆಯೆ? ನಾನು ನೇರಳೆ ಬಳಸುವುದೇ ಇಲ್ಲ ಮಾರಾಯ್ತಿ.
ಕೆಟಲು ಶಿಳ್ಳೆ ಹಾಕಿತೆಂದು ಎದ್ದಿರಬೇಕು,
ಮೊಣಕೈ ಕೀಬೋರ್ಡಿಗೆ ತಗುಲಿರಬೇಕು.
ಆ ಶಾಟು ನಾನೇ ಅಲ್ಲವೇ ಕಿತ್ತೆಸೆದದ್ದು,
ಫೋಕಸ್ ಇಲ್ಲವೆಂದು?"

ಹೌದು, ಫೋಕಸ್ ಇಲ್ಲ. ಬಂದರು ಸ್ಪಷ್ಟ, ಮನುಷ್ಯ ಮಸುಕು.
ಆದರೂ ಮರಳಿ ಇಟ್ಟೆ, ಬೀಗದ ನಂತರ.
ಮೊಳೆಯನ್ನು ಕಿತ್ತು ಈ ಸಲ ತುಣುಕಿಗೇ ಅಂಟಿಸಿದೆ,
ಮತ್ತೆ ಯಾರಾದರೂ ದೂಡಿದರೆ ಒಂಟಿಯಾಗದಿರಲೆಂದು.

ಸಿನಿಮಾ ಹೊರಗೆ ಬರುವಾಗ ಗುರುತು ಒಂದೂ ಜೊತೆಗಿರುವುದಿಲ್ಲ,
ಕಟ್ಟಡ ಮುಗಿದ ಮೇಲೆ ಸಾರುವೆ ಬಿಚ್ಚಿದ ಹಾಗೆ.
ಗುಡ್ಡದ ಬುಡದ ಮೀನು ಗೋದಾಮಿನಲ್ಲಿ ತೋರಿಸಿದೆವು.
ಎರಡನೆಯ ಸಾಲಿನಲ್ಲಿ ದೋನ್ ಎವರಿಸ್ತೊ, ಇಸ್ತ್ರಿಯ ಅಂಗಿ.
ಆ ಆರು ಸೆಕೆಂಡು ಬಂದಾಗ ಹೆಂಡತಿಯ ಕಡೆ ವಾಲಿ
ಪಿಸುಗುಟ್ಟಿದ, ಹಿಂದಿದ್ದ ನನಗೂ ಕೇಳುವಷ್ಟು:
"ಪಾಪ, ಯಾರೋ ಬಂಡಿ ಹೊರಡುತ್ತದೆಂದು ಕಾಯುತ್ತಿದ್ದಾನೆ."